ಅಗರ ಬಿಟ್ಟರೆ ಬೇರೆ ಊರಿಲ್ಲ

ನನ್ನ ಸೋದರಮಾವನಿಗೆ ಹುಚ್ಚು ಎಂದು ನಾನು ಹೇಳುತ್ತಿಲ್ಲ. ಕೊಳ್ಳೇಗಾಲದ ನಮ್ಮ ಬೀದಿಯವರೆಲ್ಲ ಹೇಳುತ್ತಾರೆ, ನಾನು ತಲೆಯಾಡಿಸುತ್ತೇನೆ, ಅಷ್ಟೇ! ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ವರ್ಷಗಟ್ಟಲೆ ಹರಾಜು ಕೂಗಿದ ಗಂಟಲು ಅವರದು. ಅಂಥವರು ಒಂದು ಬೆಳಿಗ್ಗೆ ಎದ್ದು ಕನ್ನಡದ ಮುಕ್ಕಾಲು ಪಾಲು ಅಕ್ಷರಗಳನ್ನೇ ಬಿಟ್ಟುಬಿಟ್ಟರು. ಬೀಡಿ ಬಿಟ್ಟವರುಂಟು, ಕಾಶಿಗೆ ಹೋಗಿ ಬದನೆಕಾಯಿ ಬಿಟ್ಟವರುಂಟು. ಅಕ್ಷರ ಬಿಟ್ಟವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಅದೂ ಎಂಥ ಹೊತ್ತಿನಲ್ಲಿ! ಅತ್ತೆಗೆ ಲಕ್ವ ಹೊಡೆದು ನಾಲ್ಕು ತಿಂಗಳಾಗಿತ್ತು. ಕಾಲು ಸುಧಾರಿಸಿತ್ತು, ನಾಲಗೆ ಮಾತ್ರ ತೊಡರುತ್ತಿತ್ತು. ನೋಡಲು ಬಂದ ನೆಂಟರಿಗೆ "ಬನ್ನಿ, ಕೂತ್ಕಳಿ" ಎನ್ನಹೋಗಿ "ಪಪ್ಪಿ, ಕೂಕ್ಕಪಿ" ಎಂದುಬಿಟ್ಟರು. ಯಾರೋ ಕಿಸಕ್ಕೆಂದರು. ಅಂದಿನಿಂದ ಅತ್ತೆ ಬಾಯಿ ಬಿಚ್ಚಿರಲಿಲ್ಲ. ಬೀದಿಯ ಈ ತುದಿಯಲ್ಲಿ ಬೈದರೆ ಆ ತುದಿಗೆ ಕೇಳುತ್ತಿದ್ದ ಹೆಂಗಸು! ಡಾಕ್ಟರು ಮಾವನನ್ನು ಪಕ್ಕಕ್ಕೆ ಕರೆದು, "ಏನಾದ್ರೂ ಮಾಡಿ ಮಾತಾಡಿಸಿ. ಹೀಗೇ ಸುಮ್ಮನಿದ್ರೆ ಇರೋ ಮಾತೂ ಹೋಗುತ್ತೆ" ಎಂದಿದ್ದರು.

ಮಾವ ಏನು ಮಾಡಿದರು? ವಾರವಿಡೀ ಫೋನು ತಡಕಾಡಿ, ಪಪುವಾ ನ್ಯೂಗಿನಿಯ ಯಾವುದೋ ದ್ವೀಪದ ಭಾಷೆಯೊಂದನ್ನು ಹಿಡಿದು ತಂದರು! ರೊಟೊಕಾಸ್ ಅಂತ ಹೆಸರಂತೆ. ಅಡುಗೆಮನೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೂಬಿಟ್ಟರು: ಅ, ಇ, ಉ, ಎ, ಒ. ಪ, ತ, ಕ, ವ, ರ, ಗ. ಕೊನೆಗೊಂದು ಸ. ಹನ್ನೆರಡಕ್ಕೆ ವರ್ಣಮಾಲೆ ಮುಗಿಯಿತು!

"ಆ ಸ ಸುಮ್ಕೆ ಕಣವ್ವ. ಮುಂದೆ ಇ ಬಂದ್ರ ತ-ನೇ ಸ ಆಯ್ತದ. ದೀರ್ಗ ಬೇಕಾ? ಅದ್ನೇ ಎರಡ್ಸಲ ಬರಿ, ಆಯ್ತು."

"ಮ ಎಲ್ಲಿ ಮಾವ? ನ ಎಲ್ಲಿ?"

"ಇಲ್ಲ."

"ಅಮ್ಮ ಅನ್ನೋಕೂ ಮ ಇಲ್ವಾ!"

"ಅವ್ವ ಅನ್ನು. ವ ಅದ ಅಲ್ವಾ! ನೋಡು, ಇವತ್ತಿಂದ ನಾನು ಇಷ್ಟ್ರಲ್ಲೇ ಮಾತಾಡದು."

ನನಗೆ ತಲೆಬುಡ ತಿಳಿಯಲಿಲ್ಲ. ಹೆಂಡತಿಯನ್ನು ಮಾತಾಡಿಸಿ ಎಂದರೆ ತಾವೇ ಮಾತು ಬಿಡುವುದೇ? ಮಂಚದ ಮೇಲಿದ್ದ ಅತ್ತೆ ಗೋಡೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ ಆ ಕಡೆ ತಿರುಗಿ ಮಲಗಿದರು.

ಆ ವಾರ ನಮ್ಮ ಊಟ ಹೇಗಿತ್ತು ಗೊತ್ತೇ? ಮಾವನ ಬಾಯಲ್ಲಿ ಬರುವ ಸಾಮಾನಷ್ಟೇ ಮನೆಗೆ ಬಂತು. ರಾಗಿ, ಅಕ್ಕಿ, ತೊಗರಿ, ಅವರೆ, ಉಪ್ಪು, ತುಪ್ಪ. ಹುಣಸೆಹಣ್ಣಿಲ್ಲ, ಈರುಳ್ಳಿಯಿಲ್ಲ, ಬೆಲ್ಲವಿಲ್ಲ! ಸಕ್ಕರೆ ಬೇಕಾದಾಗ ಅಂಗಡಿಗೆ ಹೋಗಿ, ಸ ಮುಂದೆ ಇ ಇಲ್ಲವಲ್ಲ ಎಂದು ಗಂಭೀರವಾಗಿ "ತಕ್ಕರೆ" ಎಂದರು. ಅಂಗಡಿಯವನು ಹೌಹಾರಿ, "ಅಯ್ಯೋ ಶಿವ್ನೆ, ಅಣ್ಣಾರ್ಗೂ ಲಕ್ವ ಒಡೀತಾ!" ಎಂದು ಕೂರಿಸಿ ನೀರು ಕುಡಿಸಿದ. ಬೀದಿಗೆಲ್ಲ ಸುದ್ದಿಯಾಯಿತು. ಮಾವ ಕಂಡರೆ ಸಾಕು, ಜನ ಬಾಯಿಗೆ ಕೈ ಅಡ್ಡ ಹಿಡಿಯತೊಡಗಿದರು. ನಾಚಿಕೆಯಾಗಲ್ವಾ ಎಂದು ನಾನೂ ಬೈದೆ. ಅವರು ಹಲ್ಲು ಕಿರಿದರು.

ಶನಿವಾರ ಅತ್ತೆಯ ಕೈಗೆ ತಿಕ್ಕುವ ಎಣ್ಣೆ ತರಲು ಹನೂರಿನ ಪಂಡಿತರ ಬಳಿಗೆ ಹೊರಟರು. ಬೋರ್ಡು ನೋಡಿ ಸರಿಯಾದ ಬಸ್ಸನ್ನೇ ಹತ್ತಿದರು. ಆದರೆ ಕಂಡಕ್ಟರು "ಎಲ್ಲಿಗೆ ಸಾ?" ಎಂದು ಕೇಳಬೇಕೇ! ಹನೂರು ಎನ್ನಲು ಹ ಇಲ್ಲ, ನ ಇಲ್ಲ. ಕೊಳ್ಳೇಗಾಲ, ಯಳಂದೂರು, ಮಾದೇಶ್ವರ ಬೆಟ್ಟ, ಯಾವುದೂ ಇಲ್ಲ. ಈ ಸೀಮೆಯಲ್ಲಿ ಆ ಬಾಯಿಗೆ ತಟ್ಟನೆ ದಕ್ಕಿದ್ದು ಒಂದೇ ಊರು.

"ಅಗರ," ಎಂದರು ಮಾವ.

"ಅಗರ ಈ ಕಡೆ ಅಲ್ಲ ಕಣ್ ಸಾ! ಇದು ಅನೂರ್ ಬಸ್ಸು. ಇಳೀರಿ, ಇಳೀರಿ!" ಪುಣ್ಯಾತ್ಮ ತಾನೇ ಕೈ ಹಿಡಿದು ಇಳಿಸಿ, ಅಗರದ ಬಸ್ಸಿಗೆ ಹತ್ತಿಸಿ, ಕಿಟಕಿ ಪಕ್ಕ ಸೀಟೂ ಕೊಡಿಸಿದನಂತೆ. ಚೀಟಿಯಲ್ಲಿ ಬರೆದು ತೋರಿಸಬಾರದಿತ್ತೇ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ!

ಸಂಜೆ ಬರಿಗೈಯಲ್ಲಿ ಬಂದರು. ಅತ್ತೆ ಜಗಲಿಯಲ್ಲಿ ಕೂತಿದ್ದರು. "ಎಣ್ಣೆ ಎಲ್ಲಿ ಮಾವ?" ಎಂದು ನಾನು ಕೂಗಿದ್ದಕ್ಕೆ ಅಕ್ಕಪಕ್ಕದವರೆಲ್ಲ ಸೇರಿದರು. ಮಾವ ಹನ್ನೆರಡೇ ಅಕ್ಷರದಲ್ಲಿ ಕತೆ ಹೇಳಲು ನಿಂತರು. "ಆ ಊರು... ಅಗರ... ಅಗರ..." ಸ್ಟೇರಿಂಗ್ ತಿರುಗಿಸಿದರು, ಶಿಳ್ಳೆ ಹಾಕಿದರು, ತಮ್ಮನ್ನು ತಾವೇ ರಟ್ಟೆ ಹಿಡಿದು ಇಳಿಸಿಕೊಂಡರು. ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು.

ಆಗ ಹಿಂದಿನಿಂದ ಒಂದು ದನಿ ಬಂತು. "ಅಗರಕ್ಕಾ?"

ಎಲ್ಲರೂ ತಿರುಗಿ ನೋಡಿದರು. ಅತ್ತೆ! ಸೆರಗು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಮಾವ ಮೆಟ್ಟಿಲ ಮೇಲೆ ಕುಸಿದು ಕೂತರು. ಬಿಟ್ಟ ಅಕ್ಷರಗಳೆಲ್ಲ ಒಟ್ಟಿಗೇ ಬಂದವು. "ಊ ಕಣಮ್ಮೀ, ಅಗರಕ್ಕೇ ಓಗ್ಬುಟ್ಟೆ! ಇನ್ನೊಂದ್ಸಲ ಅನ್ನು, ಇನ್ನೊಂದ್ಸಲ!"

ಆಮೇಲೆ ಅಡುಗೆಮನೆಯಲ್ಲಿ ಗೋಡೆ ನೋಡುತ್ತಾ ನಿಂತಿದ್ದರು. ನಾನು ಕೇಳದಿದ್ದರೂ ಹೇಳಿದರು. "ಅವಳ ನಾಲ್ಗೇಲಿ ಉಳ್ದಿರದೂ ಎಚ್ಚುಕಮ್ಮಿ ಇಷ್ಟೇ ಕಣವ್ವ. ಇಷ್ಟ್ರಲ್ಲೇ ಅಲ್ಲೊಂದು ಜನ ಮದ್ವ ಮಾಡ್ಕಂಡು, ಜಗಳ ಆಡ್ಕಂಡು ಬದುಕ್ತಾವ್ರಂತ. ನಾವಿಬ್ರು ಬದುಕಾಕಾಗಲ್ವಾ? ನಗೋರು ಅವಳ ಬುಟ್ಟು ನನ್ನ ನೋಡಿ ನಗ್ಲಿ ಅಂತ..."

ಇಂಥವರನ್ನೇ ನಾನು ನಾಚಿಕೆಯಾಗಲ್ವಾ ಎಂದು ಕೇಳಿದ್ದು!

ಅಷ್ಟರಲ್ಲಿ ಜಗಲಿಯಿಂದ ಹಳೆಯ ಗತ್ತಿನ ಕೂಗು: "ಕಾಪಿ!"

ಕೊಡಿ ಎಂದರೋ, ಕುಡಿಯುತ್ತೀರಾ ಎಂದರೋ ಇಬ್ಬರಿಗೂ ತಿಳಿಯಲಿಲ್ಲ. ಇಬ್ಬರೂ ಒಲೆಯ ಕಡೆ ಓಡಿದೆವು.