ವೀರಭದ್ರನ ತಲೆಯ ಮೇಲೆ ಮೂರು ಪುಸ್ತಕ

ನಾಚಾರಂನ ಬಾಟಲಿ ಫ್ಯಾಕ್ಟರಿಯ ಸ್ಟೋರ್‌ಕೀಪರ್ ಸೂಗಪ್ಪನ ಹತ್ತಿರ ಮೂರು ಪುಸ್ತಕ ತಯಾರಿದ್ದವು. ಬರೆಯುವುದೊಂದೇ ಬಾಕಿ.

ಒಂದು ಕೊಲೆಯ ಕಾದಂಬರಿ. ಕೊಲೆಗಾರ ಕಟ್ಟಡದ ಕೆಳಮನೆಯವ. ಇನ್ನೊಂದು, ಷೇರ್ ಆಟೋದಲ್ಲಿ ಗಚ್ಚಿಬೌಲಿಗೆ ಹೋಗುವ ಹುಡುಗಿಯ ಪ್ರೇಮಕತೆ. ಮತ್ತೊಂದು ಅತ್ತೆಯ ಜೀವನಚರಿತ್ರೆ, ಇದ್ದದ್ದು ಇದ್ದ ಹಾಗೆ. ಮೂರನ್ನೂ ಅವನು ಇಡೀ ಕಟ್ಟಡಕ್ಕೆ ಹೇಳಿ ಮುಗಿಸಿದ್ದ.

ಕೆಡಿಸಿದ್ದೂ ಆ ಬಾಯಿಯೇ. ಕನ್ನಡ ಸಂಘದ ಸಭೆಯಲ್ಲಿ ಎಂದಿನಂತೆ ಉಪ್ಪಿಟ್ಟು ಬಡಿಸುತ್ತಿದ್ದವನು ಸೌಟು ಎತ್ತಿ ಸಾರಿದ: "ಬರೋ ಐತವಾರ ಸಂಜೀಕ ಮೊದಲನೇ ಪುಟ ನಿಮ್ಮ ಕೈಯಾಗ ಇಡ್ತೀನಿ. ಇಲ್ಲಂದ್ರ ಸಾಯೂತನಕ ಇಲ್ಲಿ ಉಪ್ಪಿಟ್ಟು ಬಡಸ್ತೀನಿ!" ಕಾರ್ಯದರ್ಶಿ ಚಂದ್ರಕಾಂತ ಅದನ್ನು ಮೈಕಿನಲ್ಲಿ ಮತ್ತೊಮ್ಮೆ ಹೇಳಿದರು.

ಐತವಾರ ಬಂತು. ಪೆನ್ನು ಹಿಡಿದರೆ ಮೂರೂ ಪುಸ್ತಕ ಸಿಟಿ ಬಸ್ಸಿನ ಬಾಗಿಲಿಗೆ ಬಿದ್ದವರಂತೆ ಒಟ್ಟಿಗೇ ನುಗ್ಗಿ, ಒಂದೂ ಒಳಗೆ ಬರಲಿಲ್ಲ.

"ಹೂವು ಕೇಳ್ರಿ," ಎಂದಳು ಹೆಂಡತಿ ಶಿವದೇವಿ. ಊರಲ್ಲಿ ಮದುವೆಯಿಂದ ಬೋರ್‌ವೆಲ್‌ವರೆಗೆ ಹಾಗೇ ತೀರ್ಮಾನ: ಒದ್ದೆ ಹೂವನ್ನು ಮೂರ್ತಿಗೆ ಅಂಟಿಸಿ ಕೂರಬೇಕು, ಬಿದ್ದ ಹೂವು ದೇವರ ಮಾತು. ಹಿತ್ತಾಳೆ ವೀರಭದ್ರನ ತಲೆಗೆ ಹೂವು ಏರಿದವು. ಕೊಲೆಗೆ ಬಿಳಿ, ಪ್ರೇಮಕ್ಕೆ ಹಳದಿ, ಅತ್ತೆಗೆ ಕೆಂಪು.

"ಬಿದ್ದದ್ದು ಬೀಳ್ಲಿ, ಮಧ್ಯಾಹ್ನಕ್ಕ ಹತ್ತು ಪುಟ!" ಎಂದ ಸೂಗಪ್ಪ.

ಕೆಳಮನೆಯ ಗಂಗಾಬಾಯಿ ಓಡಿ ಬಂದರು. "ಫ್ಯಾನ್ ಬಂದ್ ಮಾಡೋ ತಮ್ಮಾ! ಗಾಳಿಗೆ ಬಿದ್ರ ಅದು ದೇವ್ರ ಮಾತಲ್ಲ, ಫ್ಯಾನಿನ ಮಾತು. ನಮ್ಮ ಸಿಲಿಂಡರ್ ಒಂದೀಟು ಒಳಗಿಟ್ಟು ಬಾ, ನಾ ಕಾಯ್ತೀನಿ."

ಸಿಲಿಂಡರ್ ಇಟ್ಟು ಬಂದರೆ ಮೇಲ್ಮನೆಯ ಚಂದ್ರಕಾಂತ ನಿಂತಿದ್ದರು. "ಕಾಯಿ ಒಡೀಲಾರ್ದ ದೇವ್ರು ಮಾತಾಡ್ತಾನೇನೋ? ಓಡು, ತಗೊಂಬಾ."

ಕಾಯಿ ತಂದರೆ ಶಿವದೇವಿ, "ಹಾಲು ಒಡದೈತ್ರಿ, ಲಗೂನ ಪ್ಯಾಕೆಟ್ ತರ್ರಿ."

ಮಧ್ಯಾಹ್ನ ಕಳೆಯಿತು. ಹೂವುಗಳು ಸರ್ಕಾರಿ ಕುರ್ಚಿ ಸಿಕ್ಕವರಂತೆ ಕೂತಿದ್ದವು. ಸೂಗಪ್ಪ ಮೊದಲು ಬೇಡಿಕೊಂಡ, ಆಮೇಲೆ ಭಜನೆ ಹಾಡಿದ. ಹೊತ್ತು ಇಳಿಯುತ್ತಿದ್ದಂತೆ ಯಾರಿಗೂ ಕಾಣದ ಹಾಗೆ ದೇವರ ಮಣೆಯನ್ನು ಮೊಣಕಾಲಿನಿಂದ ಒಂಚೂರು ತಳ್ಳಿದ.

ವೀರಭದ್ರ ದಬಕ್ಕನೆ ಮಕಾಡೆ ಬಿದ್ದ. ಹೂವು ಬೀಳಲಿಲ್ಲ.

ಗಲ್ಲ ಬಡಿದುಕೊಂಡು ಎತ್ತಿ ನೋಡಿದ. ಕೆಂಪು ಹೂವಿಗೆ ಬೆಲ್ಲದ ಪಾಕ. ಹಳದಿಗೆ ಸಂಘದ ಲಕೋಟೆ ಅಂಟಿಸುವ ಗೋಂದು. ಬಿಳಿಯ ತೊಟ್ಟನ್ನು ವೀರಭದ್ರನ ಹೆಡಕಿಗೆ ಒತ್ತಿ ಹಿಡಿದದ್ದು ಒಂದು ದೊಡ್ಡ ಸ್ಟಿಕ್ಕರ್ ಟಿಕಳಿ. ಗಂಗಾಬಾಯಿ ಬೋಳು ಹಣೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

"ಕೆಳಮನಿ ಕೊಲೆಗಾರ ಅಂದ್ರ ನಮ್ಮನಿಯವ್ರೇ ಅಲ್ಲೇನೋ?"

"ಗಚ್ಚಿಬೌಲಿಗೆ ಹೋಗಾಕಿ ನಮ್ಮ ಸಪ್ನಾ ಒಬ್ಬಾಕಿನೇ," ಎಂದರು ಚಂದ್ರಕಾಂತ. "ಮಗಳಿಗೆ ವರಾ ನೋಡಾಕತ್ತೀನಿ ನಾ."

"ನಮ್ಮವ್ವನ ಸುದ್ದಿಗೆ ಬಂದ್ರ ನೋಡ್ರಿ!" ಎಂದಳು ಶಿವದೇವಿ.

ಸೂಗಪ್ಪ ಸಿಟ್ಟಾಗಲಿಲ್ಲ. ಎದೆ ಉಬ್ಬಿಸಿದ. "ಸಿಕ್ತು! ನಾಕನೇ ಪುಸ್ತಕ! ನಿಮ್ಮ ಈ ಕಳ್ಳಾಟಾನೇ ಬರೀತೀನಿ. ಇನ್ನೂ ಬೆಳಕೈತಿ, ಪೆನ್ ಕೊಡ್ರಿ!"

ಮೂವರೂ ಮುಖ ಮುಖ ನೋಡಿಕೊಂಡರು.

"ಬರೀರಿ, ಯಾರು ಬ್ಯಾಡಂದ್ರು," ಎಂದಳು ಶಿವದೇವಿ ಮೆತ್ತಗೆ. "ಆದ್ರ ನಾಕರಾಗ ಯಾವ್ದು ಮೊದಲ ಅಂತ ದೇವ್ರನ್ನ ಕೇಳಬೇಕಲ್ರಿ?"

ಗಂಗಾಬಾಯಿ ನಾಲ್ಕನೆಯ ಹೂವಿಗೆ ಓಡಿದರು. ಚಂದ್ರಕಾಂತ ಗೋಂದು ತರಲು ಮೇಲೆ ಹತ್ತಿದವರು, ಇಳಿಯುವಾಗ ಸಂಘದ ಸೌಟನ್ನೂ ತಂದರು.