ಹಲ್ಲಿನ ಬೆಲ್ಟೂ ಕುಂಕುಮದ ಗುರುತೂ

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ಪುರಾವೆಯಿಲ್ಲದೆ ಯಾರನ್ನೂ ನಂಬಬಾರದು, ತನ್ನನ್ನಂತೂ ನಂಬಲೇಬಾರದು. ಆದ್ದರಿಂದ ಹೆಂಡತಿ ಸುನಂದಾಳ ಹೊಲಿಗೆ ಯಂತ್ರದ ಹಲ್ಲಿನ ಬೆಲ್ಟು ಹಲ್ಲು ಉದುರಿಸಿಕೊಂಡು ನಿಂತಾಗ, ಈ ಕೆಲಸಕ್ಕೆ ನಾವಿರುವ ಇಡೀ ಮಲ್ಕಾಜ್‌ಗಿರಿಯಲ್ಲಿ ನನಗಿಂತ ಯೋಗ್ಯನಿಲ್ಲ ಎಂದು ನನಗೆ ಖಚಿತವಾಯಿತು.

"ರಿಪೇರಿಯಾಂವ ಸೋಮವಾರ ಬರ್ತಾನಂತ್ರಿ. ಎದುರುಮನಿ ಪದ್ಮಕ್ಕನ ಮಗಳ ಮದವಿ ರವಿವಾರನ ಐತಿ. ಆಕಿ ಬ್ಲೌಸ್ ಇನ್ನೂ ಅರ್ಧಕ್ಕ ನಿಂತೈತಿ," ಎಂದಳು ಸುನಂದಾ.

"ನಾ ಇಲ್ಲೇನು?"

"ನೀವಿದ್ದೀರಿ ಅಂತನ ಹೆದರಾಕತ್ತೀನಿ."

ಬೆಲ್ಟಿನ ಮೇಲಿನ ನಂಬರು ಅಳಿಸಿಹೋಗಿತ್ತು. ಹಲ್ಲು ಎಣಿಸಿದೆ. ಅನುಮಾನವಾಗಿ ಮತ್ತೆ ಎಣಿಸಿದೆ. ಬೇರೆ ಉತ್ತರ ಬಂತು. ಸರಾಸರಿ ತೆಗೆದರೆ ಅರ್ಧ ಹಲ್ಲು ಉಳಿಯಿತು. ರಾಣಿಗಂಜಿನ ಬಿಡಿಭಾಗದ ಅಂಗಡಿಗೆ ಫೋನ್ ಮಾಡಿದೆ.

"ನಂಬರ್ ನಹೀ ತೋ ಪುಲ್ಲಿ ಲೇಕೆ ಆವೋ ಸಾಬ್," ಎಂದ ಅಂಗಡಿಯವನು. ಅಂದರೆ ಬೆಲ್ಟು ಕೂರುವ ಎರಡೂ ಪುಲ್ಲಿಗಳನ್ನು ಬಿಚ್ಚಿ ಒಯ್ಯಬೇಕು.

ಮೇಲಿನ ಪುಲ್ಲಿ ಸೂಜಿಯನ್ನು ಆಡಿಸುತ್ತದೆ, ಕೆಳಗಿನದು ದಾರ ಹಿಡಿಯುವ ಕೊಕ್ಕೆಯನ್ನು. ಎರಡೂ ಇದ್ದ ಹಾಗೇ ಮರಳಿ ಕೂರದಿದ್ದರೆ ಸೂಜಿಗೂ ಕೊಕ್ಕೆಗೂ ಜಗಳ. ನೆನಪನ್ನು ನಂಬದ ನಾನು ಪುಲ್ಲಿಗೊಂದು, ಎದುರಿನ ಯಂತ್ರದ ಮೈಗೊಂದು ಗುರುತು ಹಾಕಿದೆ. ಎಣ್ಣೆಯಲ್ಲಿ ಸೀಮೆಸುಣ್ಣ ನಿಲ್ಲಲಿಲ್ಲ. ದೇವರ ಮುಂದಿನ ಕುಂಕುಮ ನಿಂತಿತು.

ಅಂಗಡಿಯಲ್ಲಿ ಮೊದಲ ಬೆಲ್ಟಿನ ಅಗಲ, ಉದ್ದ ಎಲ್ಲ ಸರಿಯಿತ್ತು. ಹಲ್ಲು ಮಾತ್ರ ದುಂಡಗಿದ್ದು ಪುಲ್ಲಿಯ ತೋಡಿಗೆ ಇಳಿಯಲಿಲ್ಲ. ಚಪ್ಪಟೆ ಹಲ್ಲಿನದು ಎರಡೂ ಪುಲ್ಲಿಗಳಲ್ಲಿ ಕಚ್ಚಿ ಕೂತಿತು. ದಿಗ್ವಿಜಯ ಮುಗಿಸಿದವನಂತೆ ಮನೆಗೆ ಬಂದು, ಎಲ್ಲವನ್ನೂ ಯಂತ್ರದ ಪಕ್ಕದಲ್ಲಿಟ್ಟು ಸ್ನಾನಕ್ಕೆ ಹೋದೆ.

ಅಂದು ಶುಕ್ರವಾರ ಎಂಬುದನ್ನು ಮರೆತಿದ್ದೆ.

ಹೊರಬಂದಾಗ ಯಂತ್ರದ ಮುಂದೆ ಊದುಬತ್ತಿ ಉರಿಯುತ್ತಿತ್ತು. ಪುಲ್ಲಿಗಳಿಗೆ ಸುತ್ತಲೂ ಕುಂಕುಮ. ಯಂತ್ರದ ಮೈತುಂಬಾ ಕುಂಕುಮ.

"ಇದೇನು ಮಾಡಿದಿ?"

"ಪೂಜಾ ಮಾಡೀನ್ರಿ. ನೀವೂ ಹಚ್ಚಿದ್ರಲ್ಲ, ಈ ಮನ್ಷಾಗ ಕಡೀಗೂ ಭಕ್ತಿ ಬಂತು ಅಂತ ಭಾಳ ಖುಷಿ ಆತು."

ಅನಿವಾರ್ಯವಾಗಿ ನೆನಪಿನ ಮೊರೆಹೋದೆ. ಅದು ಎಂದೂ ಇಲ್ಲದ ಧೈರ್ಯದಿಂದ ಒಂದು ಜಾಗ ತೋರಿಸಿತು. ಪುಲ್ಲಿ ಬಿಗಿದು, ಬೆಲ್ಟು ಏರಿಸಿ, ಸ್ವಿಚ್ ಒತ್ತಿದೆ. ಸೂಜಿ ಮುರಿಯಿತು. ನೆನಪು ಇನ್ನೊಂದು ಜಾಗ ತೋರಿಸಿತು. ಇನ್ನೊಂದು ಸೂಜಿ ಮುರಿಯಿತು. ಡಬ್ಬಿಯಲ್ಲಿದ್ದ ಸೂಜಿಗಳು ಮುಗಿದವು. ನನ್ನ ವಿಶ್ವಾಸ ಮುಗಿಯಲಿಲ್ಲ.

ಶನಿವಾರವೆಲ್ಲ ಸುನಂದಾ ಕೈಯಲ್ಲೇ ಹೊಲಿದಳು. ಪ್ರಾಯಶ್ಚಿತ್ತವಾಗಿ ಹುಕ್ಕು ಹಾಕುವ ಕೆಲಸ ನನ್ನದಾಯಿತು. ಬ್ಲೌಸನ್ನು ತೊಡೆಯ ಮೇಲಿಟ್ಟುಕೊಂಡು, ಜನ್ಮದಲ್ಲಿ ಬಿಚ್ಚದಂತೆ ಹೊಲಿದೆ. ಸಂಜೆ ಪದ್ಮಕ್ಕ ಬಾಗಿಲಲ್ಲಿ ನಿಂತು, "ಅಯ್ಯಿಂದಾ ಅನ್ನಯ್ಯಾ?" ಎಂದು ತೆಲುಗಿನಲ್ಲಿ ಕೇಳಿದರು.

ಆಯಿತು ಎಂದು ಗತ್ತಿನಿಂದ ಎದ್ದೆ. ಬ್ಲೌಸೂ ಎದ್ದು ಬಂದು ಮೊಣಕಾಲಿಗೆ ಜೋತುಬಿತ್ತು. ಹುಕ್ಕುಗಳ ಜೊತೆ ನನ್ನ ಲುಂಗಿಯನ್ನೂ ಸೇರಿಸಿ ಹೊಲಿದಿದ್ದೆ.

ಸುನಂದಾ ಕತ್ತರಿ ತಂದಳು. "ಎಲ್ಲೆಲ್ಲಿ ಹೊಲದೀರಿ, ನೆನಪೈತೇನು?"

ಬ್ಲೌಸು ಮದುವೆಗೆ ಹೋಯಿತು. ಲುಂಗಿಯ ಚೂರು ಈಗ ಆ ಯಂತ್ರವನ್ನು ಒರೆಸುತ್ತದೆ. ನನ್ನ ಕಡೆಯಿಂದ ಅದನ್ನು ಮುಟ್ಟುವ ಅಧಿಕಾರ ಉಳಿದಿರುವುದು ಆ ಲುಂಗಿಯೊಂದಕ್ಕೇ.