ಇಳಿಜಾರಿನಲ್ಲಿ ನಿಲ್ಲಿಸಿದ ಮೋಟಾರು

ಒಂದು ಭಾನುವಾರ ಹಗಲು ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ನಮ್ಮ ಮಗಳಿಗೆ ನಿದ್ದೆ ಹತ್ತಿತು. ಎಲ್ಲ ಕೆಟ್ಟದ್ದು ಅಲ್ಲಿಂದ. ಮಗು ಮಲಗಿದರೆ ಮನೆಗೆ ಸುಖ ಎಂದು ತಿಳಿದವರು ಹೇಳುತ್ತಾರೆ. ಅವರು ನಮ್ಮ ಮಾವನವರ ಮೋಟಾರನ್ನು ನೋಡಿದವರಲ್ಲ. ಗಳಿಗೆಯನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣ ಪಂಚಾಂಗದ ಹುಚ್ಚಲ್ಲ. ಮಗು ಕಣ್ಣು ಮುಚ್ಚಿದ್ದನ್ನು ಕಂಡ ಮಾವನವರು ಜೇಬಿನಿಂದ ಗಡಿಯಾರ ತೆಗೆದು, "ಹನ್ನೊಂದು ಹತ್ತು. ಇನ್ನು ಒಂದು ಗಂಟೆ ಯಾರೂ ಉಸಿರೆತ್ತಬೇಡಿ" ಎಂದು ಪಿಸುಗುಟ್ಟಿದ್ದರು. ಆ ಪಿಸುಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಾನು ನಾಲ್ಕಕ್ಷರ ಕಲಿತವನು, ಮಂಡ್ಯದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು, ಬಿ.ಎಸ್‌ಸಿ. ಅಂತ ಹೆಸರಿನ ಮುಂದೆ ಬರೆದುಕೊಳ್ಳುವವನು. ಹೆದರಿದ್ದು ಒಂದು ಸಲವಾದರೆ, ಅದನ್ನು ಮತ್ತೆ ಮತ್ತೆ ನೆನೆಸಿಕೊಂಡು ಹೆದರಿದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಓದಿದವರಿಗೆ ಇದೊಂದು ಹೆಚ್ಚಿನ ಸೌಕರ್ಯ.

ಮಾವನವರು ನೀರಾವರಿಯಲ್ಲಿ ಓವರ್‌ಸಿಯರ್ ಆಗಿದ್ದು ನಿವೃತ್ತರಾದವರು. ಆಮೇಲೆ ಕೆರೆ ಕೋಡಿ, ತೂಬು ರಿಪೇರಿಯ ಕಂಟ್ರಾಕ್ಟು ಹಿಡಿದು, ಯಾರೋ ಇಂಗ್ಲಿಷ್ ದೊರೆ ಸೀಮೆಗೆ ಹೋಗುವಾಗ ಬಿಟ್ಟುಹೋದ ಹಳೆಯ ಮೋಟಾರೊಂದನ್ನು ಕೊಂಡರು. ಕೊಂಡ ಮಾರನೆಯ ವರ್ಷವೇ ಯುದ್ಧ ಶುರುವಾಯಿತು. ಪೆಟ್ರೋಲಿಗೆ ಕೂಪನ್ ಬಂತು. ಟೈರು ಸಿಗದಾಯಿತು. ಬ್ಯಾಟರಿಯಂತೂ ಬೆಂಗಳೂರಿನ ಅಂಗಡಿಯವನು, "ಸ್ವಾಮಿ, ಹಳೇದು ಇದ್ದರೆ ನನಗೇ ಕೊಡಿ" ಎಂದು ಇವರನ್ನೇ ಕೇಳಿದನಂತೆ. ಅಂದಿನಿಂದ ಆ ಬ್ಯಾಟರಿಗೆ ಬಾಣಂತಿಯ ಉಪಚಾರ ನಡೆಯಿತು. ಕ್ಯಾಂಪಿಗೆ ಹೋದಲ್ಲಿ ಮೋಟಾರು ನಿಂತ ಕೂಡಲೇ ತಂತಿ ಬಿಚ್ಚಬೇಕು. ರಾತ್ರಿ ಅದನ್ನು ಇಬ್ಬರು ಎತ್ತಿ ಒಳಗೆ ತರಬೇಕು. ಬರಿ ನೆಲದ ಮೇಲೆ ಇಟ್ಟರೆ ನೆಲ ಕರೆಂಟು ಕುಡಿಯುತ್ತದೆ ಎಂದು ಮಣೆಯ ಮೇಲೆ ಇಡಬೇಕು. ನೆಲ ಹಾಗೆಲ್ಲ ಕುಡಿಯುವುದಿಲ್ಲ ಎಂದು ನಾನು ಒಮ್ಮೆ ಹೇಳಿ ನೋಡಿದೆ. "ಹಾಗಾದರೆ ನೀವು ನೆಲದ ಮೇಲೆ ಮಲಗಿ, ಮಣೆ ಅದಕ್ಕಿರಲಿ" ಎಂದರು. ವಿದ್ಯುತ್ ಹಾರನ್ ಒತ್ತುವುದು ನಿಷಿದ್ಧ. ದಾರಿಯಲ್ಲಿ ಎಮ್ಮೆ ಅಡ್ಡ ಬಂದರೆ ಮುಂದಿನ ಸೀಟಿನಲ್ಲಿದ್ದ ನಾನು ಕಿಟಕಿಯಿಂದ ತಲೆ ಹೊರಹಾಕಿ "ಹೋಯ್ ಹೋಯ್" ಎನ್ನಬೇಕು. ವಿಶ್ವವಿದ್ಯಾಲಯ ಕೊಟ್ಟ ಪದವಿಯನ್ನು ನಾನು ಪೂರ್ತಿಯಾಗಿ ಬಳಸಿದ್ದು ಆ ಕೆಲಸದಲ್ಲೇ.

ಮುಂದೆ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದು ಹಿಂದೊಮ್ಮೆ ಒದ್ದು ಮಾವನವರ ಬಲಗೈ ಮಣಿಕಟ್ಟನ್ನು ಮುರಿದಿತ್ತು. ಅದನ್ನು ಅವರು ಸೀಟಿನಡಿ ಗೋಣಿಯಲ್ಲಿ ಸುತ್ತಿ, ಬೈಗುಳದಂತೆ ಯಾರ ಕಣ್ಣಿಗೂ ಬೀಳದ ಹಾಗೆ ಇಟ್ಟಿದ್ದರು. ಹಾಗಾಗಿ ಉಳಿದದ್ದು ಒಂದೇ ಉಪಾಯ: ಗಾಡಿಯನ್ನು ಯಾವಾಗಲೂ ಇಳಿಜಾರಿನಲ್ಲೇ ನಿಲ್ಲಿಸುವುದು. ಹೊರಡುವಾಗ ಚಕ್ರದ ಕಲ್ಲು ತೆಗೆದರೆ ತಾನೇ ಉರುಳಿ ಸ್ಟಾರ್ಟ್ ಆಗುತ್ತದೆ, ಬ್ಯಾಟರಿಗೆ ಆಯಾಸವಿಲ್ಲ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ನಮ್ಮ ಸೀಮೆಯಲ್ಲಿ ಇಳಿಜಾರು ಎಲ್ಲಿದೆ? ನಾಲೆ ನೀರು ಬಂದಮೇಲೆ ಮಂಡ್ಯದ ಸುತ್ತ ನೆಲವೆಲ್ಲ ತಟ್ಟೆಯಲ್ಲಿ ಹುಯ್ದ ಅಂಬಲಿಯ ಹಾಗೆ ಮಟ್ಟಸ. ಆದ್ದರಿಂದ ನಮ್ಮ ಬಂಧುತ್ವವೇ ಬದಲಾಯಿತು. ಕೆರಗೋಡಿನಲ್ಲಿ ನಮ್ಮ ಚಿಕ್ಕಪ್ಪನವರ ಮನೆ. ಪ್ರಾಣ ಕೊಡುವಂಥ ಜನ, ಆದರೆ ಬೀದಿ ಸಪಾಟು. ಅಲ್ಲಿಗೆ ಹೋಗುವುದು ನಿಂತುಹೋಯಿತು. ಮದ್ದೂರಿನಲ್ಲಿ ನನ್ನ ಹೆಂಡತಿ ಸುಶೀಲೆಯ ದೂರದ ಅತ್ತಿಗೆಯೊಬ್ಬರು, ಕಾಫಿಯ ಜೊತೆ ಚುಚ್ಚುಮಾತನ್ನು ಉಪಚಾರವಾಗಿ ಕೊಡುವವರು. ಅವರ ಮನೆಯ ಮುಂದೆ ಒಳ್ಳೆಯ ಇಳಿಜಾರಿತ್ತು. ಅಲ್ಲಿಗೆ ತಿಂಗಳಿಗೆರಡು ಸಲ ಹೋದೆವು. "ಅಪ್ಪಾ, ಅವರು ನನ್ನ ಮೂಗಿನ ಬಗ್ಗೆ ಏನೆಂದರು ಕೇಳಿದಿರಾ?" ಎಂದು ಸುಶೀಲೆ ಅತ್ತರೆ, "ಅನ್ನಲಿ ಬಿಡಮ್ಮ, ಗಾಡಿ ಎಷ್ಟು ಸಲೀಸಾಗಿ ಹೊರಟಿತು ನೋಡು" ಎನ್ನುವರು.

ಹೀಗಿರುವಾಗ ಮನೆಯಲ್ಲಿ ಎರಡನೆಯ ಕೂಸು ಹುಟ್ಟಿತು. ಮೊದಲನೆಯದು ಬ್ಯಾಟರಿ, ಎರಡನೆಯದು ನಮ್ಮ ರತ್ನ. ಎಂಟು ತಿಂಗಳಾದರೂ ಅವಳು ರಾತ್ರಿ ಮಲಗಿದವಳಲ್ಲ. ತೊಟ್ಟಿಲು, ಜೋಗುಳ, ಬಜೆ, ದೃಷ್ಟಿ ತೆಗೆಯುವುದು, ಎಲ್ಲ ಆಯಿತು. ಸುಶೀಲೆ ನಿಂತಲ್ಲೇ ತೂಕಡಿಸುತ್ತಿದ್ದಳು. ನಾನು ತರಗತಿಯಲ್ಲಿ ಕಪ್ಪು ಹಲಗೆಗೆ ಹಣೆ ಒರಗಿಸಿ ಎರಡು ನಿಮಿಷ ನಿದ್ದೆ ಮಾಡುವುದನ್ನು ಕಲಿತಿದ್ದೆ; ಹುಡುಗರು ಮೇಷ್ಟ್ರು ಆಳವಾಗಿ ಯೋಚಿಸುತ್ತಿದ್ದಾರೆ ಎಂದುಕೊಂಡು ಗೌರವದಿಂದಿದ್ದರು. ಆ ಮಗು ಮಲಗುತ್ತಿದ್ದ ಜಾಗ ಜಗತ್ತಿನಲ್ಲಿ ಒಂದೇ, ತಾತನ ಮೋಟಾರಿನ ಹಿಂದಿನ ಸೀಟು. ಆದ್ದರಿಂದ ಮಾವನವರು ಕೆಲಸದ ಮೇಲೆ ಎಲ್ಲಿಗೆ ಹೊರಟರೂ ನಾವು ಹಾಸಿಗೆ ಸಮೇತ ಹತ್ತಿ ಕೂರುತ್ತಿದ್ದೆವು.

ಆ ಭಾನುವಾರ ಅವರು ಮಳವಳ್ಳಿ ಕಡೆ ಪೂರಿಗಾಲಿಯ ಹತ್ತಿರದ ಒಂದು ಕೆರೆಯ ತೂಬು ನೋಡಬೇಕಿತ್ತು. ಏರಿಯ ಮೇಲೆ ಹತ್ತುವ ಗಾಡಿದಾರಿಯ ನೆತ್ತಿಯಲ್ಲಿ ಮೋಟಾರನ್ನು ತಿರುಗಿಸಿ ಊರ ಕಡೆಗೆ ಮುಖಮಾಡಿ ನಿಲ್ಲಿಸಿದರು. ಇಳಿಜಾರೆಂದರೆ ಅದು! ದಾರಿ ನೇರವಾಗಿ ಕೆಳಗಿಳಿದು, ತಳದಲ್ಲಿ ಎಡಕ್ಕೆ ಹೊರಳುತ್ತಿತ್ತು. ಹೊರಳದೆ ನೇರ ಹೋದರೆ ತೂಬಿನ ಗುಂಡಿ, ಆಳುದ್ದ ನೀರು. ರತ್ನ ಆಗತಾನೆ ಕಣ್ಣು ಮುಚ್ಚಿದ್ದಳು. ಎತ್ತಿದರೆ ಏಳುತ್ತಾಳೆ, ಎದ್ದರೆ ಎಲ್ಲರೂ ಸತ್ತಂತೆ. ಎರಡು ಕಡೆ ದಿಂಬು ಒತ್ತರಿಸಿ, ಕಿಟಕಿ ತೆರೆದಿಟ್ಟು, ಬೆಕ್ಕಿನ ಹೆಜ್ಜೆಯಲ್ಲಿ ಇಳಿದೆವು. ಕೈಬ್ರೇಕು ಹೆಸರಿಗಿತ್ತು. ಗೇರಿನಲ್ಲಿ ನಿಲ್ಲಿಸಿದರೆ ಗೇರಿನ ಹಲ್ಲು ಸವೆಯುತ್ತದೆ ಎಂಬುದು ಮಾವನವರ ಇನ್ನೊಂದು ಸಿದ್ಧಾಂತ. ಅವರು ನಂಬಿದ್ದು ಕಲ್ಲನ್ನು. ಹತ್ತಿರದ ಬೇವಿನ ಮರದ ಬುಡದಿಂದ ತಾವೇ ಒಂದನ್ನು ಆರಿಸಿ ತಂದು ಮುಂದಿನ ಚಕ್ರಕ್ಕೆ ಒತ್ತಿ, "ಎಂಥಾ ಕಲ್ಲು ನೋಡಿ! ಹೇಳಿ ಮಾಡಿಸಿದ ಹಾಗಿದೆ" ಎಂದು ಸವರಿ ಹೋದರು. ಹಿಂದಿನ ರಾತ್ರಿ ಚೆನ್ನಾಗಿ ಮಳೆ ಹುಯ್ದು ಕಲ್ಲು ತೊಳೆದಂತಿತ್ತು.

ಅವರು ತೂಬಿನ ಕಡೆ ನಡೆದರು. ಸುಶೀಲೆ, ನಮ್ಮ ಅತ್ತೆಯವರು ಮತ್ತು ನಾನು, ಮೋಟಾರು ಕಾಣುವಷ್ಟು ದೂರದಲ್ಲಿ ಹೊಂಗೆ ನೆರಳಿಗೆ ಕೂತು ಬುತ್ತಿ ಬಿಚ್ಚಿದೆವು. ಆಗ ಊರ ಕಡೆಯಿಂದ ಒಬ್ಬ ಮುದುಕಿ ತಾಮ್ರದ ಚೊಂಬು ಹಿಡಿದು ಬಂದಳು. ಚಿಕ್ಕತಾಯಮ್ಮ ಎಂದು ಆಮೇಲೆ ಗೊತ್ತಾಯಿತು. ಬೇವಿನ ಬುಡಕ್ಕೆ ನೀರು ಹಾಕಿದಳು, ಅರಿಸಿನ ಹಚ್ಚಿದಳು, ನಿಂತು ಏನನ್ನೋ ಎಣಿಸಿದಳು, ಮತ್ತೆ ಎಣಿಸಿದಳು, ಸುತ್ತ ನೋಡಿದಳು. ಕೊನೆಗೆ ಮೋಟಾರಿನ ಹತ್ತಿರ ಹೋಗಿ ಮುಂದಿನ ಚಕ್ರದ ಮುಂದೆ ಮಂಡಿಯೂರಿ ಕೈಮುಗಿದಳು. ನನಗೆ ನಗು ಬಂತು. "ನೋಡೇ, ಮೋಟಾರಿಗೆ ಪೂಜೆ ಮಾಡುತ್ತಿದ್ದಾಳೆ" ಎಂದು ಸುಶೀಲೆಗೆ ತೋರಿಸಿದೆ. ನಾಳೆ ಸ್ಕೂಲಿನಲ್ಲಿ ಉಳಿದ ಮೇಷ್ಟರುಗಳಿಗೆ ಇದನ್ನು ಹೇಗೆ ವರ್ಣಿಸಬೇಕೆಂದು ಮನಸ್ಸಿನಲ್ಲೇ ಎರಡು ವಾಕ್ಯ ಕೂಡ ಕಟ್ಟಿಕೊಂಡೆ. ಮೂರನೆಯ ವಾಕ್ಯ ಕಟ್ಟುವಷ್ಟರಲ್ಲಿ ಮುದುಕಿ ಕಲ್ಲನ್ನು ಅತ್ತಿತ್ತ ಅಲುಗಿಸಿ ಕಿತ್ತು, ಮಡಿಲಿಗೆ ಹಾಕಿಕೊಂಡು ಎದ್ದು ಬೇವಿನತ್ತ ನಡೆದಳು.

ಆ ಬೇವಿನ ಬುಡದಲ್ಲಿ ಏಳು ಜನ ಅಕ್ಕತಂಗಿ ದೇವರು. ಏಳೂ ಕೆತ್ತದ ಕಲ್ಲು. ಮಾವನವರು ಚಕ್ರಕ್ಕೆ ಇಟ್ಟದ್ದು ಕಿರಿಯಮ್ಮನನ್ನು.

ಮೋಟಾರು ಒಂದು ಕ್ಷಣ ಯೋಚಿಸಿತು. ಆಮೇಲೆ ಸದ್ದಿಲ್ಲದೆ, ಮಗು ಏಳಬಾರದೆಂದು ಅದಕ್ಕೂ ಯಾರೋ ಹೇಳಿಕೊಟ್ಟ ಹಾಗೆ, ಮೆಲ್ಲಗೆ ಹೊರಟಿತು. ಕೈಯಲ್ಲಿದ್ದ ಮೊಸರನ್ನ ಎಸೆದು ನಾನು ಓಡಿದೆ. ಇಳಿಜಾರಿನಲ್ಲಿ ವಸ್ತುವಿನ ವೇಗ ಕ್ಷಣಕ್ಷಣಕ್ಕೂ ಹೆಚ್ಚುತ್ತದೆ ಎಂದು ಏಳು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಅದು ಎಷ್ಟು ನಿಜವೆಂದು ಅಂದು ತಿಳಿಯಿತು. ನನ್ನ ಹಿಂದೆ ಸುಶೀಲೆಯ ಕೂಗು ಕೇಳುತ್ತಿತ್ತು, ಅದರಲ್ಲಿ ಮಾತಿರಲಿಲ್ಲ. ಮೋಟಾರಿನ ಹಿಂಬದಿಯ ಗಾಜು ಚಿಕ್ಕದಾಗುತ್ತ ಹೋಯಿತು, ಅದರಾಚೆ ಗುಂಡಿಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಇಷ್ಟೇ ನೋಡಿ, ನನಗೆ ಆಮೇಲೆ ಕನಸಿನಲ್ಲಿ ಬರುತ್ತಿದ್ದದ್ದು. ಮುಂದಿನದು ಬರುತ್ತಲೇ ಇರಲಿಲ್ಲ.

ಮುಂದಿನದೇನೆಂದರೆ, ತಳದ ತಿರುವಿನಲ್ಲಿ ಕರಿಗೌಡ ಎಂಬಾತನ ಹುಲ್ಲಿನ ಗಾಡಿ ಕಾಣಿಸಿಕೊಂಡಿತು. ಬರುತ್ತಿದ್ದ ಮೋಟಾರನ್ನು ಕಂಡು ಎತ್ತುಗಳು ಬೆದರಿ ಹಳ್ಳಕ್ಕೆ ತಿರುಗಿದವು. ನೊಗ ಕಳಚಿತು, ಗಾಡಿ ಮಗುಚಿತು, ಹುಲ್ಲೆಲ್ಲ ದಾರಿಗೆ ಅಡ್ಡಲಾಗಿ ಸುರಿಯಿತು. ಮೋಟಾರು ಬಂದು ಅದರೊಳಗೆ ಕಿಟಕಿಯವರೆಗೆ ಹೂತು, ನಿಟ್ಟುಸಿರಿಟ್ಟು ನಿಂತಿತು. ಕರಿಗೌಡ ಹುಲ್ಲಿನಿಂದ ಎದ್ದು ಚಾವಟಿ ಹಿಡಿದು ಬಂದ.

"ಯಾವನ್ಲಾ ಅವ್ನು ಮೋಟ್ರು ಬುಡೋನು? ಕಣ್ಣ ಎಲ್ಲಿ ಮಡಗಿದ್ದೀಯ್ಲಾ? ಎತ್ತು ಸತ್ತಿದ್ರೆ ನಿಮ್ಮಪ್ಪ ತಂದ್ಕೊಡ್ತಿದ್ನಾ? ಇಳೀಲಾ ಕೆಳೀಕೆ!"

ಯಾರೂ ಇಳಿಯಲಿಲ್ಲ. ಅವನು ಹುಲ್ಲು ಸರಿಸಿ ತಲೆ ಒಳಗೆ ಹಾಕಿದ. ಮುಂದಿನ ಸೀಟು ನೋಡಿದ, ಹಿಂದಿನ ಸೀಟು ನೋಡಿದ, ಮತ್ತೆ ಮುಂದಿನದು ನೋಡಿದ.

"ಅಯ್ಯೋ ನಮ್ಮವ್ವೋ! ಮಗ ಅದೆ ಕಣ್ರಪ್ಪೋ! ಮಲ್ಕೊಂಡು ಮೋಟ್ರು ಬುಡ್ತಾ ಅದೆ!"

ಸುಶೀಲೆ ಯಾವಾಗ ನನ್ನನ್ನು ದಾಟಿ ಓಡಿದಳೋ ತಿಳಿಯದು. ನಾನು ತಲುಪುವಷ್ಟರಲ್ಲಿ ಮಗುವನ್ನು ಎದೆಗವಚಿಕೊಂಡು ಹುಲ್ಲಿನ ಮೇಲೆ ಕೂತಿದ್ದಳು. ರತ್ನ ತಾಯಿಯ ಕುಪ್ಪಸಕ್ಕೆ ಜೊಲ್ಲು ಸುರಿಸುತ್ತ ಇನ್ನೂ ನಿದ್ದೆಯಲ್ಲೇ ಇದ್ದಳು. ಅಷ್ಟರಲ್ಲಿ ಮಡಿಲಲ್ಲಿ ಕಿರಿಯಮ್ಮನನ್ನು ಹೊತ್ತುಕೊಂಡೇ ಚಿಕ್ಕತಾಯಮ್ಮ ಇಳಿದು ಬಂದಳು. ಏದುಸಿರು ಬಿಡುತ್ತ ಎದುರಾದ ಮಾವನವರನ್ನು ಅಲ್ಲೇ ಹಿಡಿದಳು.

"ನಿಮ್ಮ ಗಾಡಿಗೆ ನಮ್ಮವ್ವನೇ ಬೇಕಾಗಿತ್ತಾ ಬುದ್ಯೋರೇ? ಊರಲ್ಲಿ ಬ್ಯಾರೆ ಕಲ್ಲು ಇರ್ನಿಲ್ವಾ?"

"ತಾಯಿ, ಒಳಗೆ ಮಗು ಇತ್ತು" ಎಂದರು ಮಾವನವರು.

"ಮಗ ಇತ್ತಾ? ನಾ ಕಾಣ್ನಿಲ್ವಲ್ಲಪ್ಪೋ!" ಎಂದು ಮುದುಕಿ ಮಗುವಿನ ಬಳಿ ಕೂತಳು. ಆಮೇಲೆ ಬೆರಳಿನ ಅರಿಸಿನವನ್ನು ಮಗುವಿನ ಹಣೆಗೆ ಒರೆಸಿ, "ಕಾಲಡೀಕೆ ಮಡಗುದ್ರೂವೆ ಕಾಪಾಡವ್ಳಲ್ಲ, ನಮ್ಮವ್ವ ದೊಡ್ಡೋಳು ಕಣಮ್ಮ. ನೀವು ದೊಡ್ಡೋರಾಗೋದು ಯಾವಾಗ?" ಎಂದಳು. ಆ ಪ್ರಶ್ನೆ ಯಾರಿಗೆಂದು ಹೇಳಲಿಲ್ಲ. ನಾವೆಲ್ಲ ನಮ್ಮನಮ್ಮ ಪಾಲು ತೆಗೆದುಕೊಂಡೆವು.

ಹುಲ್ಲು ಸರಿಸಿ, ಗಾಡಿ ಎತ್ತಿ ನಿಲ್ಲಿಸಿ, ಕರಿಗೌಡನನ್ನು ಸಮಾಧಾನ ಮಾಡಿದೆವು. ಮೋಟಾರು ಈಗ ಸಪಾಟು ನೆಲದಲ್ಲಿತ್ತು. ಬೇರೆ ದಾರಿಯಿಲ್ಲದೆ ಮಾವನವರು ತಂತಿ ಸಿಕ್ಕಿಸಿ, ಕಣ್ಣು ಮುಚ್ಚಿ, ಎಷ್ಟೋ ತಿಂಗಳ ಮೇಲೆ ಸ್ಟಾರ್ಟರನ್ನು ಒತ್ತಿದರು. ಒಂದೇ ಏಟಿಗೆ ಎಂಜಿನ್ ಗುಡುಗಿತು. "ನೋಡಿದಿರಾ, ಬ್ಯಾಟರಿ ಹೇಗೆ ಕಾಪಾಡಿದ್ದೇನೆ!" ಎಂದು ಅಭ್ಯಾಸಬಲದಿಂದ ಬಾಯಿಗೆ ಬಂದುಬಿಟ್ಟಿತು. ಅತ್ತೆಯವರು ಅವರತ್ತ ಒಮ್ಮೆ ನೋಡಿದರು. ಮಳವಳ್ಳಿ ದಾಟಿದ ಮೇಲೆ ಎಮ್ಮೆ ಅಡ್ಡ ಬಂದಾಗ ಮಾವನವರು ತಾವಾಗಿ ಹಾರನ್ ಒತ್ತಿದರು.

ವಿಚಿತ್ರವೆಂದರೆ, ಆ ರಾತ್ರಿಯಿಂದ ರತ್ನ ಮನೆಯಲ್ಲೇ ಮಲಗತೊಡಗಿದಳು. ಸಂಜೆ ಕಣ್ಣು ಮುಚ್ಚಿದರೆ ಕೋಳಿ ಕೂಗುವವರೆಗೆ ಮಿಸುಕಾಟವಿಲ್ಲ. ಎಂಟು ತಿಂಗಳು ನಾವು ಬೇಡಿದ್ದ ವರ ಅದೇ. ಆದರೆ ನಮಗೆ ನಿದ್ದೆ ಹಾರಿಹೋಗಿತ್ತು. ಅವಳು ಸದ್ದಿಲ್ಲದೆ ಮಲಗಿದ್ದರೆ ನನಗೆ ಆ ಸದ್ದಿಲ್ಲದೆ ಹೊರಟ ಮೋಟಾರೇ ಕಾಣುವುದು. ಎದ್ದು ಮೂಗಿನ ಹತ್ತಿರ ಬೆರಳು ಹಿಡಿಯುವೆ. ಅಲ್ಲಿ ಆಗಲೇ ಸುಶೀಲೆಯ ಬೆರಳಿರುತ್ತಿತ್ತು. "ಉಸಿರಿದೆಯಾ?" "ಇದೆ. ನೀವು ಮಲಗಿ." "ನೀನು ಮಲಗು." ಇಬ್ಬರೂ ಕೂತಿರುತ್ತಿದ್ದೆವು. ಸ್ಕೂಲಿನಲ್ಲಿ ಇಳಿಜಾರಿನ ಪಾಠ ಬಂದಾಗ ಓರೆಯಾಗಿಟ್ಟ ಹಲಗೆಯ ಮೇಲಿನ ಪುಟ್ಟ ಗಾಡಿಯನ್ನು ಬಿಡಲಾರದೆ ಗಂಟೆ ಹೊಡೆಯುವ ತನಕ ಕೈಯಲ್ಲೇ ಹಿಡಿದು ನಿಂತಿದ್ದೆ. ಹುಡುಗರು ಈ ಸಲ ಗೌರವ ತೋರಿಸಲಿಲ್ಲ.

ಹೀಗೇ ವಾರಗಳು ಕಳೆದವು. ಕೊನೆಗೆ ಒಂದು ಸೋಮವಾರ ಸಂಜೆ ರತ್ನಳಿಗೆ ಹಲ್ಲು ಮೂಡುವ ನೋವು ಶುರುವಾಯಿತು. ಅತ್ತೆಯವರು ಅವಳನ್ನು ಹೆಗಲಿಗೆ ಹಾಕಿಕೊಂಡು ನಡುಮನೆಯಲ್ಲಿ ಓಡಾಡತೊಡಗಿದರು. ಮಗು ಬೀದಿಯ ಕೊನೆಯವರೆಗೂ ಕೇಳುವಂತೆ ಅಳುತ್ತಿತ್ತು. ಅಳು ನಿಲ್ಲಲೇ ಇಲ್ಲ. ಒಂದು ಕ್ಷಣವೂ ಉಸಿರಿದೆಯಾ ಎಂದು ಕೇಳುವ ಅಗತ್ಯ ಬೀಳಲಿಲ್ಲ. ನಾನು ಹಾಗೇ ಗೋಡೆಗೆ ಒರಗಿದ್ದಷ್ಟು ನೆನಪು.

ಕಣ್ಣು ಬಿಟ್ಟಾಗ ಮುಖದ ಮೇಲೆ ಬಿಸಿಲಿತ್ತು. ಪಕ್ಕದಲ್ಲಿ ಸುಶೀಲೆ ಬಾಯಿ ತೆರೆದು ಮಲಗಿದ್ದಳು. ಹೊರಗೆ ಜಗುಲಿಯಲ್ಲಿ, ಕಣ್ಣು ಕೆಂಪಾದ ಅತ್ತೆಯವರಿಗೆ ಹಾಲು ಅಳೆದು ಹಾಕುತ್ತ ಹಾಲಿನ ನಿಂಗಮ್ಮ ಕೇಳುತ್ತಿದ್ದಳು: "ರಾತ್ರಿಯೆಲ್ಲ ಮಗ ಅಂಗೆ ಕಿರುಚ್ಕತಿತ್ತು, ಬೀದಿ ಜನ ಒಬ್ರೂ ಕಣ್ಣು ಮುಚ್ನಿಲ್ಲ. ಅದ್ರ ಅಪ್ಪ ಅವ್ವ ಎಂಗವ್ವಾ ಮಲ್ಗಿದ್ರು?"

ಹೇಗೆ ಮಲಗಿದೆವೆಂದು ನಾನು ಎದ್ದು ಹೋಗಿ ವಿವರಿಸಬಹುದಿತ್ತು. ಓದಿದವನು, ವಿವರಿಸುವುದೇ ನನ್ನ ಕಸುಬು. ಅಷ್ಟರಲ್ಲಿ ಒಳಗೆ ರತ್ನ ಮತ್ತೆ ರಾಗ ತೆಗೆದಳು. ಮಗ್ಗುಲು ಬದಲಿಸಿದೆ. ಆ ಮಂಗಳವಾರ ನಾನು ಸ್ಕೂಲಿಗೆ ಹೋಗಲಿಲ್ಲ.